ಐವತ್ತೊಂದನೆಯ ಸುತ್ತು

ಬ್ರೆವಾಲ್,
21 ಅಕ್ಟೋಬರ್ 1934, ಭಾನುವಾರ

ಒದಿಲ್,

ಮೇಲೆ ‘ಪ್ರೀತಿಯ’ ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಎಂಬುದನ್ನು ಈ ಪತ್ರ ಓದಿದ ಮೇಲೆ ನೀನೇ ಹೇಳಬೇಕು. ನಾನು ಜೇಲಿ. ಬ್ರೆವಾಲ್ ಬಯಲಿನಲ್ಲಿ ನಿನ್ನ ವಿಮಾನದ ರೆಕ್ಕೆಗೆ ಬಟ್ಟೆ ಹೊಲಿಯುತ್ತಿದ್ದವಳು, ನಿನ್ನ ಜೊತೆಗೇ ಹಾರುವುದನ್ನು ಕಲಿಯಲು ಹೊರಟವಳು, ಆಮೇಲೆ ನೀನು ಹತ್ತು ವರ್ಷ ಹೊಸ ವರ್ಷಕ್ಕೊಂದು ಕಾರ್ಡು ಕಳಿಸಿದರೂ ಒಂದಕ್ಕೂ ಉತ್ತರ ಬರೆಯದವಳು. ಆ ಕಾರ್ಡುಗಳು ಹೊಲಿಗೆಯ ಪೆಟ್ಟಿಗೆಯಲ್ಲಿ ಹಾಗೆಯೇ ಇವೆ. ಗ್ರೆನೋಬ್ಲ್‌ನ ನಿನ್ನ ಕೈಗವಸಿನ ಅಂಗಡಿಯ ವಿಳಾಸ ಸಿಕ್ಕಿದ್ದೂ ಅವುಗಳಿಂದಲೇ.

ಇವತ್ತಿಗೆ ಸರಿಯಾಗಿ ಇಪ್ಪತ್ತಮೂರು ವರ್ಷವಾಯಿತು ನೀನು ಬಿದ್ದು. ಬೇಕೆಂದೇ ಈ ದಿನ ಆರಿಸಿಕೊಂಡು ಬರೆಯಲು ಕೂತೆನೆಂದು ತಿಳಿಯಬೇಡ. ವಾರದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಕಲ್ಲು ಕೆತ್ತುವವನು ಬರುವ ತಿಂಗಳು ಬರುತ್ತಾನಂತೆ, ಅದಕ್ಕೇ ಈ ಅವಸರ.

ಯಾವ ಕಲ್ಲು ಎನ್ನುತ್ತೀಯ. ನಮ್ಮೂರ ಶಾಲೆಗೆ ಹೊಸ ಮೇಷ್ಟ್ರು ಬಂದಿದ್ದಾರೆ, ಲಾಂದ್ರಿ ಎಂದು ಹೆಸರು. ಹಳೆಯದನ್ನೆಲ್ಲ ಕೆದಕುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಬಯಲಿನಲ್ಲಿ ನಮ್ಮ ಶೆಡ್ಡುಗಳಿದ್ದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕು, ‘ಒದಿಲ್ ಮಾರ್ಷೆ ಎಂಬ ಹೆಣ್ಣುಮಗಳು ಇಲ್ಲಿ ಹಾರಿದಳು’ ಎಂದು ಕೆತ್ತಿಸಬೇಕು ಎಂದು ಹಟ ಹಿಡಿದಿದ್ದಾರೆ. ಪಂಚಾಯ್ತಿ ಕಚೇರಿಯ ಬೀರುವಿನಲ್ಲಿ ಅವರಿಗೆ ನಿನ್ನ ಸುತ್ತುಗಳ ಲೆಕ್ಕ ಬರೆದ ಹಾಳೆ ಸಿಕ್ಕಿದೆ. ಅದನ್ನು ಲಕೋಟೆಯಲ್ಲಿಟ್ಟು ನನಗೇ ತಂದುಕೊಟ್ಟರು. ‘ಅಮ್ಮಾ, ಐವತ್ತು ಸುತ್ತೋ ಐವತ್ತೊಂದೋ? ಐವತ್ತೊಂದಾದ್ರೆ ದಾಖಲೆ ಮುರಿದ್ರು ಅಂತ ಕೆತ್ತಿಸ್ತೀನಿ. ಐವತ್ತಾದ್ರೆ ಸುಮ್ನೆ ಹಾರಿದ್ರು ಅಂತ. ಸಹಿ ಹಾಕಿದವರಲ್ಲಿ ಬದುಕಿರೋರು ನೀವೊಬ್ರೇ’ ಎಂದರು. ಪ್ಯಾರಿಸ್ಸಿನವರ ದಾಖಲೆ ಪುಸ್ತಕ ಇನ್ನು ಬದಲಾಗುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ನಮ್ಮೂರ ಕಲ್ಲಿನಲ್ಲಾದರೂ ನಿಜ ಇರಲಿ ಎನ್ನುವುದು ಅವರ ಆಸೆ.

ನಿಜ ಯಾವುದು ಎಂದು ಮೇಷ್ಟ್ರು ನನ್ನನ್ನು ಕೇಳುತ್ತಿದ್ದಾರೆ. ನನ್ನ ಗ್ರಹಚಾರ ನೋಡು.

ಹಾಳೆ ಈಗ ನನ್ನ ಮುಂದಿದೆ. ಫುಲ್ಬೇರ್ ಅಜ್ಜನ ಕೈಬರಹ ನೆನಪಿದೆಯಾ? ರೈಲ್ವೆಯಲ್ಲಿ ಸಿಗ್ನಲ್ ಕಾಯ್ದು ನಿವೃತ್ತನಾದವನು, ಅಂಕಿಗಳನ್ನು ದೊಡ್ಡದಾಗಿ ಉರುಟಾಗಿ ಬರೆಯುತ್ತಿದ್ದ. ಬಯಲಿನ ಎರಡು ತುದಿಯ ಕಂಬಗಳಲ್ಲಿ ಪಡುವಣದ್ದರ ಕಾವಲು ಅವನದೇ. ಗುರುತುಗಳು ಮೂರೇ ಮೂರು. ವಿಮಾನ ಕಂಬದ ಹೊರಗಿನಿಂದ ಬಳಸಿಕೊಂಡು ಹೋದರೆ ಒಂದು ಗೆರೆ. ಕಂಬವನ್ನು ಬಿಟ್ಟು ಒಳಗಿನಿಂದಲೇ ತಿರುಗಿದರೆ ಕತ್ತರಿ ಗುರುತು, ಆ ಸುತ್ತು ಲೆಕ್ಕಕ್ಕಿಲ್ಲ. ಮಂಜೋ ಹೊಗೆಯೋ ಅಡ್ಡ ಬಂದು ಸರಿಯಾಗಿ ಕಾಣದಿದ್ದರೆ ಒಂದು ಚುಕ್ಕೆ. ಚುಕ್ಕೆ ಬಿದ್ದ ಸುತ್ತು ಹಾರಿದವರ ಲೆಕ್ಕಕ್ಕೇ ಸೇರುತ್ತದೆ. ಕಾವಲಿಗೆ ಹೊಸಬರು ಬಂದಾಗಲೆಲ್ಲ ಅಜ್ಜ ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದ. ‘ನೋಡಿದ್ರೆ ಗೆರೆ ಇಲ್ಲಾ ಕತ್ತರಿ. ನೋಡ್ಲಿಲ್ವಾ, ಚುಕ್ಕೆ. ಚುಕ್ಕೆ ಇಡೋಕೆ ನಾಚ್ಕೋಬಾರ್ದು’ ಎನ್ನುತ್ತಿದ್ದ. ನಿನ್ನ ಹಾಳೆಯಲ್ಲಿ ಒಂಬತ್ತನೆಯ ಸುತ್ತಿಗೆ ಒಂದು ಚುಕ್ಕೆಯಿದೆ. ಆಗ ರೈತರು ಆಲೂಗಡ್ಡೆಯ ಒಣಬಳ್ಳಿ ಸುಡುತ್ತಿದ್ದರು, ಹೊಗೆ ನಮ್ಮ ಮೇಲೇ ಕವಿದಿತ್ತು. ಐವತ್ತೊಂದನೆಯದಕ್ಕೆ ಕತ್ತರಿ ಗುರುತು. ಅದು ನನ್ನ ಕೈಯದು.

ಆ ದಿನವನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಬರುತ್ತದೆ, ಸಹಿಸಿಕೋ. ಕ್ರಮವಾಗಿ ಹೇಳದಿದ್ದರೆ ನನ್ನ ತಲೆ ಇನ್ನಷ್ಟು ಕೆಡುತ್ತದೆ.

ಹಿಂದಿನ ವಾರ ನಾನು ವಿಮಾನ ಇಳಿಸುವಾಗ ಮುಗ್ಗರಿಸಿ ಅದರ ಎಡಗಡೆಯ ಗಾಲಿ ಮುರಿದಿದ್ದೆ. ನನ್ನನ್ನು ಮತ್ತೆ ಹಾರಿಸಬಹುದೇ ಎಂದು ಶಿಕ್ಷಕರು ನಿನ್ನನ್ನು ಕೇಳಿದರು. ನೀನು ‘ಜೇಲಿಗೆ ಇನ್ನೂ ಕೈ ಕೂತಿಲ್ಲ ಸಾರ್, ವಸಂತದವರೆಗೂ ಬೇಡ’ ಎಂದುಬಿಟ್ಟೆ. ನಾನು ರೆಕ್ಕೆಯ ಹಿಂದೆಯೇ ಸೂಜಿ ಹಿಡಿದು ಕೂತಿದ್ದೆ, ನಿನಗೆ ಗೊತ್ತಿರಲಿಲ್ಲ. ಒದಿಲ್, ನೀನು ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಕೈ ಕೂತಿರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ನಿನ್ನೊಂದಿಗೆ ಬರೀ ಹೂಂ, ಉಹೂಂ. ನೀನೋ, ಕಾರಣ ತಿಳಿಯದೆ ಇನ್ನಷ್ಟು ಕೀಟಲೆ ಮಾಡುತ್ತಿದ್ದೆ.

ಹದಿನೇಳನೇ ತಾರೀಖು ಮಂಗಳವಾರ. ಪಡುವಣ ಕಂಬದ ಎರಡನೇ ಕಾವಲಿನವನಿಗೆ ಜ್ವರ ಬಂತು, ಬದಲಿಗೆ ಯಾರೂ ಇರಲಿಲ್ಲ. ನೀನೇ ನನ್ನ ಹೆಸರು ಹೇಳಿದೆ. ‘ಜೇಲಿ ಇದಾಳಲ್ಲ. ನಾನು ತಪ್ಪು ಮಾಡಿದ್ರೆ ಖುಷಿಯಾಗಿ ಬರ್ಕೊಳ್ತಾಳೆ, ಮುಖ ನೋಡಿ!’ ಎಂದೆ. ಎಲ್ಲರೂ ನಕ್ಕರು. ನಾನು ಮುಖ ಊದಿಸಿಕೊಂಡೇ ಕೈ ಮೇಲೆತ್ತಿ ಪ್ರಮಾಣ ಮಾಡಿದೆ, ಕಂಡದ್ದನ್ನೇ ಬರೆಯುತ್ತೇನೆ ಎಂದು.

ಹಾರುವ ಮುಂಚೆ ನಮ್ಮದೊಂದು ಪದ್ಧತಿಯಿತ್ತು. ನೀನು ಮೇಲೇರಿ ಕೂತ ಮೇಲೆ ನಾನು ‘ಇಳಿದ ಮೇಲೆ ಮಾತಾಡೋಣ’ ಎನ್ನಬೇಕು, ನೀನು ‘ಬಾಯ್ತುಂಬಾ’ ಎನ್ನಬೇಕು. ಒಳ್ಳೆಯದಾಗಲಿ ಎಂದು ಹೇಳಿದರೆ ಅಪಶಕುನ ಎಂದು ಬಯಲಿನಲ್ಲಿ ಎಲ್ಲರೂ ನಂಬುತ್ತಿದ್ದ ಕಾಲ ಅದು. ಅವತ್ತು ನೀನು ಕತ್ತು ತಿರುಗಿಸಿ ಕಾದೆ. ನಾನು ಬೂಟಿನ ದಾರ ಕಟ್ಟಿಕೊಳ್ಳುವವಳ ಹಾಗೆ ಬಗ್ಗಿದೆ. ದಾರ ಬಿಚ್ಚಿರಲಿಲ್ಲ.

ಹನ್ನೆರಡೂವರೆಗೆ ನೀನು ನೆಲ ಬಿಟ್ಟೆ. ಒಂದು ಸುತ್ತಿಗೆ ನಾಲ್ಕು ಕಿಲೋಮೀಟರು, ಹತ್ತಿರ ಹತ್ತಿರ ನಾಲ್ಕು ನಿಮಿಷ. ಎಲ್ಲಿಯೂ ಇಳಿಯದೆ ದೂರ ಹಾರಿದ ದಕ್ಷಿಣದ ಆ ಹೆಂಗಸಿನ ದಾಖಲೆ ನಮ್ಮ ಲೆಕ್ಕಕ್ಕೆ ಐವತ್ತು ಸುತ್ತಾಗುತ್ತಿತ್ತು. ಸರಿಸಮ ಬಂದರೆ ಪ್ರಯೋಜನವಿಲ್ಲ, ಒಂದು ಸುತ್ತು ಹೆಚ್ಚು ಬೇಕು. ಇಂಧನವಿದ್ದದ್ದೂ ಅಷ್ಟಕ್ಕೇ. ಶೆಡ್ಡು, ಜನ, ಬ್ಯಾಂಡಿನವರು ಎಲ್ಲ ಮೂಡಣ ಕಂಬದ ಹತ್ತಿರ. ನಮ್ಮ ಕಡೆ ಇದ್ದದ್ದು ನಾನು, ಅಜ್ಜ, ಒಂದು ಬುಟ್ಟಿ ಬ್ರೆಡ್ಡು, ಅಜ್ಜನ ಸೇಬಿನ ಮದ್ಯದ ಜಾಡಿ. ಪ್ರತಿ ಸಲ ನೀನು ಹಾದುಹೋದಾಗಲೂ ಎಂಜಿನ್ನಿನಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ ನಮ್ಮ ಬ್ರೆಡ್ಡಿನ ಮೇಲೆ ಇಳಿಯುತ್ತಿತ್ತು. ‘ಈ ಹುಡುಗಿ ಇಳಿಯೋ ಹೊತ್ತಿಗೆ ನಮಗೂ ಭೇದಿ ಗ್ಯಾರಂಟಿ’ ಎಂದು ಅಜ್ಜ ಗೊಣಗುತ್ತಿದ್ದ. ಅಷ್ಟು ಸಿಟ್ಟಿದ್ದರೂ ನಾನು ನಕ್ಕೆ.

ಇಪ್ಪತ್ತು ಸುತ್ತು ಆಗುವಷ್ಟರಲ್ಲಿ ಕತ್ತು ಉಳುಕಿದಂತಾಗಿತ್ತು. ಅಜ್ಜ ಒಂದು ಉಪಾಯ ಹೇಳಿಕೊಟ್ಟ. ‘ಯಾವಾಗ್ಲೂ ಮೇಲೆ ನೋಡ್ಬೇಡ ಮಗಳೇ. ನೆರಳು ಬರುತ್ತಲ್ಲ, ಅದನ್ನ ನೋಡು. ನೆರಳು ಹೊರಗೆ ಹೋದ್ರೆ ಅವಳೂ ಹೊರಗೇ.’ ರೈಲು ಕಾಯ್ದವನ ಬುದ್ಧಿ ಅದು. ರೈಲಿನ ನೆರಳು ರೈಲನ್ನು ಬಿಟ್ಟು ದೂರ ಹೋಗುವುದಿಲ್ಲ. ಮಧ್ಯಾಹ್ನದಲ್ಲಿ ಅದು ಸರಿಯಾಗಿಯೇ ನಡೆಯಿತು. ನಾನು ನೆರಳು ನೋಡುತ್ತಿದ್ದೆ, ಅಜ್ಜ ಮೇಲೆ ನೋಡುತ್ತಿದ್ದ. ಇಬ್ಬರದೂ ಹೊಂದಿದರೆ ಗೆರೆ ಹಾಕುತ್ತಿದ್ದೆವು. ಮೂರು ಗಂಟೆಯಾದ ಮೇಲೆ ನಾನು ನೆರಳು ನೋಡುವುದನ್ನು ಬಿಟ್ಟೆ, ಅಜ್ಜನೊಬ್ಬನೇ ಟೋಪಿಯನ್ನು ಹಣೆಗೆ ಅಡ್ಡ ಹಿಡಿದು ನೋಡಿ ‘ಗೆರೆ’ ಎನ್ನುವುದು, ನಾನು ಬರೆಯುವುದು ಎಂದಾಯಿತು.

ಐವತ್ತು ಮುಗಿಯಿತು. ನಾನು ಪೆನ್ಸಿಲಿನ ಮೊನೆಯನ್ನು ಹಾಳೆಗೆ ಊರಿಯೇ ಕಾದೆ. ಅದು ನೀನು ಗೆಲ್ಲಲಿ ಎಂದೋ ಗೆಲ್ಲದಿರಲಿ ಎಂದೋ ನಾನು ಇವತ್ತು ಎಷ್ಟು ಕೆದಕಿದರೂ ಸಿಗುತ್ತಿಲ್ಲ.

ಈಗ ನಾನು ಯಾರಿಗೂ ಹೇಳದ ಮಾತು ಬರೆಯುತ್ತೇನೆ. ಐವತ್ತೊಂದನೆಯ ಸುತ್ತಿಗೆ ನೀನು ಮೂಡಣದಿಂದ ತಿರುಗಿದಾಗ ಫುಲ್ಬೇರ್ ಅಜ್ಜ ಕಂಬದ ಹತ್ತಿರ ಇರಲಿಲ್ಲ. ‘ತಡೆಯೋಕೆ ಆಗ್ತಿಲ್ಲ ಮಗಳೇ, ಒಂದೇ ನಿಮಿಷ’ ಎಂದು ಬೇಲಿಯ ಹಿಂದೆ ಓಡಿದ್ದ. ಮೂರು ಗಂಟೆ ಹೊತ್ತು ಆ ಮುದುಕ ತಡೆದುಕೊಂಡದ್ದೇ ಹೆಚ್ಚು. ಆದರೆ ವಯಸ್ಸಾದವರ ಒಂದು ನಿಮಿಷ ಒಂದು ನಿಮಿಷಕ್ಕೆ ಮುಗಿಯುವುದಿಲ್ಲ. ನೀನು ಬಂದೆ. ಶಬ್ದ ಕೇಳಿತು. ನಾನು ಮೇಲೆ ನೋಡಿದೆ, ಸೂರ್ಯ ನೇರವಾಗಿ ಕಣ್ಣಿಗೆ ಬಡಿದ. ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿದೆ. ಕುಯಿಲಾದ ಗದ್ದೆಯ ಮೇಲೆ ಒಂದು ಕಪ್ಪು ಓಡಿಹೋಯಿತು, ಕಂಬದ ಒಳಗಡೆಯಿಂದ.

ಅಜ್ಜ ಷರಾಯಿಯ ಗುಂಡಿ ಹಾಕಿಕೊಳ್ಳುತ್ತ ಏದುಸಿರು ಬಿಡುತ್ತ ಬಂದ. ‘ಹೆಂಗೆ?’ ಎಂದ. ನಾನು ‘ಒಳಗೆ’ ಎಂದೆ. ‘ಅಯ್ಯೋ! ಸರಿಯಾಗಿ ನೋಡಿದ್ಯಾ?’ ಎಂದ. ನಾನು ‘ನೋಡಿದೆ’ ಎಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ತಾನು ಜಾಗ ಬಿಟ್ಟು ಹೋದದ್ದು ಗೊತ್ತಾದರೆ ಮಾನ ಹೋಗುತ್ತದೆ ಎಂಬ ಹೆದರಿಕೆ ಅವನಿಗೂ ಇತ್ತು. ನಾನು ಕತ್ತರಿ ಗುರುತು ಹಾಕಿದೆ, ಇಬ್ಬರೂ ಸಹಿ ಮಾಡಿದೆವು. ಅತ್ತ ಕಡೆ ನೀನು ಇಳಿದಿದ್ದೆ, ಬ್ಯಾಂಡಿನವರು ಶುರು ಮಾಡಿದ್ದರು. ಹಾಳೆ ಹಿಡಿದುಕೊಂಡು ಸೈಕಲ್ಲಿನಲ್ಲಿ ಹೋದವಳು ನಾನೇ. ನನ್ನನ್ನು ಕಂಡು ನೀನು ಎಣ್ಣೆ ಮೆತ್ತಿದ ಮುಖದಲ್ಲಿ ಹಲ್ಲು ಬಿಟ್ಟುಕೊಂಡು ಓಡಿಬಂದೆ. ಆ ಮುಖ ನನಗೆ ಮರೆತುಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ನೀನು ಜಗಳವಾಡಲಿಲ್ಲ. ಕನ್ನಡಕದ ಮೇಲೆಲ್ಲ ಎಣ್ಣೆ ಕೂತಿತ್ತು, ಕೊನೆಯ ಐದಾರು ಸುತ್ತು ಕಂಬ ಸರಿಯಾಗಿ ಕಾಣಲೇ ಇಲ್ಲ, ಹಾಗೆ ಆಗಿದ್ದರೂ ಆಗಿರಬಹುದು ಎಂದೆ. ನಾಲ್ಕು ದಿನ ಬಿಟ್ಟು ಶನಿವಾರ ಮತ್ತೆ ಹೊರಟೆ. ಗಾಳಿ ಜೋರಾಗಿತ್ತು, ಎಲ್ಲರೂ ಬೇಡವೆಂದರು. ‘ಒಂದೇ ಒಂದು ಸುತ್ತಿಗೆ ಸೋತಿದೀನಿ ಕಣ್ರೋ, ನಿದ್ದೆ ಬರ್ತಿಲ್ಲ’ ಎಂದೆ. ಹದಿನಾಲ್ಕನೆಯ ಸುತ್ತಿನಲ್ಲಿ ಎಂಜಿನ್ ನಿಂತಿತು. ಕಾಗದ ಬಿದ್ದ ಹಾಗೆ ವಾಲಾಡಿಕೊಂಡು ನೀನು ಬಿದ್ದೆ. ನಾನು ಹೊಲಿದ ಬಟ್ಟೆಯನ್ನು ನಾನೇ ಕತ್ತರಿಯಿಂದ ಸೀಳಿದೆ, ಎಲ್ಲ ಸೇರಿ ನಿನ್ನನ್ನು ಹೊರಗೆ ತೆಗೆದೆವು. ಸೊಂಟದ ಮೂಳೆ ಮುರಿದಿತ್ತು. ಆಮೇಲೆ ನೀನು ಹಾರಲಿಲ್ಲ.

ಆಸ್ಪತ್ರೆಯಲ್ಲಿ ಮೂರನೆಯ ವಾರ ನೀನು ನನ್ನ ಕೈ ಹಿಡಿದುಕೊಂಡು ಕೇಳಿದೆ. ‘ಜೇಲಿ, ನಿಜವಾಗ್ಲೂ ನಾನು ಒಳಗಿಂದ ಬಂದ್ನಾ?’ ನಾನು ಹೌದು ಎಂದೆ. ನೀನು ದಿಂಬಿಗೆ ತಲೆಯಾನಿಸಿ, ‘ಹಾಗಾದ್ರೆ ಸರಿ ಬಿಡು. ಬೇರೆ ಯಾರೇ ಹೇಳಿದ್ರೂ ನಂಬ್ತಿರ್ಲಿಲ್ಲ. ನನ್ ಮೇಲೆ ಸಿಟ್ಟಿದ್ರೂ ನೀನು ಸುಳ್ಳು ಹೇಳಲ್ಲ’ ಎಂದೆ. ಅದಾದ ಮೇಲೆ ನಾನು ಆಸ್ಪತ್ರೆಗೆ ಬರಲಿಲ್ಲ. ನೀನು ಕಾರಣ ಹುಡುಕಿ ಹುಡುಕಿ ಸೋತಿರಬೇಕು. ಕಾರಣ ಇಷ್ಟೇ. ಆ ಮಾತು ಕೇಳಿದ ಮೇಲೆ ನಿನ್ನ ಕಣ್ಣು ನೋಡಲು ನನ್ನಿಂದ ಆಗಲಿಲ್ಲ.

ಹಾಗಾದರೆ ಜೇಲಿ ಸುಳ್ಳು ಹೇಳಿದಳು ಎಂದುಕೊಳ್ಳುತ್ತೀಯ. ತಡೆ, ಅಷ್ಟು ಸುಲಭವಾಗಿದ್ದರೆ ನಾನು ಎಂದೋ ಪಾದ್ರಿಯ ಮುಂದೆ ಹೇಳಿಕೊಂಡು ಹಗುರಾಗುತ್ತಿದ್ದೆ. ನಾನು ನೋಡಿದ್ದೇನೆ ಎಂದೇ ನಂಬಿದ್ದೆ. ಯುದ್ಧ ಬಂತು. ಕಾರ್ಖಾನೆಯಲ್ಲಿ ನಾಲ್ಕು ವರ್ಷ ಸಿಪಾಯಿಗಳ ವಿಮಾನಕ್ಕೆ ರೆಕ್ಕೆ ಹೊಲಿದೆ. ಮದುವೆಯಾದೆ, ವಿಧವೆಯೂ ಆದೆ. ಅಷ್ಟೂ ಕಾಲ ಕಣ್ಣು ಮುಚ್ಚಿದರೆ ಕಂಬದ ಒಳಗಿನಿಂದ ಹೋಗುವ ವಿಮಾನ ಕಾಣುತ್ತಿತ್ತು. ರೆಕ್ಕೆ, ಬಾಲ, ನಿನ್ನ ಬಿಳಿ ಕುತ್ತಿಗೆವಸ್ತ್ರ ಎಲ್ಲವೂ ಸ್ಪಷ್ಟ.

ಮೇಷ್ಟ್ರು ಹಾಳೆ ಕೊಟ್ಟ ಮರುದಿನ ಹೊತ್ತು ಇಳಿಯುವಾಗ ನಾನು ಬಯಲಿಗೆ ಹೋದೆ. ಈಗ ಅಲ್ಲೆಲ್ಲ ಸಕ್ಕರೆ ಗೆಡ್ಡೆ ಬೆಳೆಯುತ್ತಾರೆ. ಕಂಬದ ಬುಡ ಮಾತ್ರ ಮೊಣಕಾಲೆತ್ತರ ಉಳಿದಿದೆ. ಅದರ ಪಕ್ಕ ನಿಂತಿದ್ದಾಗ ಸೈನ್ಯದವರ ಒಂದು ವಿಮಾನ ಬಂತು. ಬಹಳ ತಗ್ಗಿನಲ್ಲಿ, ಪಡುವಣ ರಸ್ತೆಯ ಮೇಲೆ, ನಮ್ಮ ಲೆಕ್ಕದಲ್ಲಿ ಕಂಬದ ಹೊರಗೆ. ಅದೇ ಗಳಿಗೆಯಲ್ಲಿ ನನ್ನ ಬೆನ್ನ ಹಿಂದೆ ಗೆಡ್ಡೆಯ ಸೊಪ್ಪಿನ ಮೇಲೆ ಏನೋ ಸರಿದ ಹಾಗಾಯಿತು. ತಿರುಗಿದೆ. ಅದರ ನೆರಳು. ಕಂಬದ ಒಳಗಡೆ, ಎಪ್ಪತ್ತು ಹೆಜ್ಜೆ ಆಚೆ ಓಡುತ್ತಿತ್ತು.

ಒದಿಲ್, ನಾನು ಆ ಮೋಟುಕಂಬದ ಮೇಲೆ ಕೂತೆ. ಸೂರ್ಯ ಪಡುವಣಕ್ಕೆ ಇಳಿದ ಮೇಲೆ ನೆರಳು ಮೂಡಣಕ್ಕೆ ದೂರ ಬೀಳುತ್ತದೆ, ಇದು ಮಕ್ಕಳಿಗೂ ಗೊತ್ತು. ರೆಕ್ಕೆಗೆ ಹೊಲಿಗೆ ಹಾಕುವವಳಿಗೆ, ಹಾರಲು ಕಲಿಯುತ್ತಿದ್ದವಳಿಗೆ, ಇಪ್ಪತ್ತಮೂರು ವರ್ಷ ಹೊಳೆಯಲಿಲ್ಲ. ನೀನು ಸರಿಯಾಗಿ ಹೊರಗಿನಿಂದಲೇ ಹೋಗಿರಬಹುದು. ನಿನ್ನ ನೆರಳು ಒಳಗಿನಿಂದ ಹೋಗಿರಬಹುದು. ನೆರಳು ಮಾಡಿದ ತಪ್ಪಿಗೆ ನಾನು ನಿನ್ನನ್ನು ಸೋಲಿಸಿದೆ.

ಮನೆಗೆ ಬಂದು ಅಳಲೂ ಇಲ್ಲ, ನಗಲೂ ಇಲ್ಲ. ಸೂಪು ಬಿಸಿಗಿಟ್ಟು ಮರೆತೆ, ತಳ ಹಿಡಿಯಿತು. ಮೊದಲು ಸಮಾಧಾನವಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ನಾನು ಕೆಟ್ಟವಳಲ್ಲ, ದಡ್ಡಿ ಅಷ್ಟೇ ಎಂದುಕೊಂಡೆ. ಆಮೇಲೆ ಆ ಸಮಾಧಾನದ ಮೇಲೇ ಅನುಮಾನ ಬಂತು. ಅವತ್ತು ನಾನು ನೋಡಿದ್ದು ನೆರಳನ್ನೇ ಎಂದು ಈಗ ನೆನಪಾಗುತ್ತಿದೆಯೋ ಅಥವಾ ಪಾರಾಗುವ ದಾರಿ ಸಿಕ್ಕಿತೆಂದು ಮನಸ್ಸು ಈಗ ಹೊಸದಾಗಿ ನೆರಳನ್ನು ತಂದು ಅಲ್ಲಿ ಹಾಸುತ್ತಿದೆಯೋ? ನಿನ್ನ ಬಿಳಿ ಕುತ್ತಿಗೆವಸ್ತ್ರ ಕಂಡಿತ್ತಲ್ಲ, ನೆರಳಿಗೆ ಕುತ್ತಿಗೆವಸ್ತ್ರ ಇರುತ್ತದೆಯೇ? ಅದು ಯಾವ ಸುತ್ತಿನದು? ಅಜ್ಜ ‘ಸರಿಯಾಗಿ ನೋಡಿದ್ಯಾ’ ಎಂದಾಗ ಅವನ ಮಾತು ಮುಗಿಯುವ ಮೊದಲೇ ‘ನೋಡಿದೆ’ ಎಂದದ್ದು ನೆನಪಿದೆ. ಆ ಆತುರ ಸಂದೇಹದ್ದೋ ಸಂತೋಷದ್ದೋ? ನೀನು ನಿಜವಾಗಿಯೂ ಒಳಗಿನಿಂದ ಬಂದಿದ್ದರೆ ಇಷ್ಟು ವರ್ಷ ನಾನು ಸುಮ್ಮನೆ ಒದ್ದಾಡಿದೆ. ಹೊರಗಿನಿಂದ ಬಂದಿದ್ದರೆ ನಿನ್ನ ದಾಖಲೆ, ನಿನ್ನ ಸೊಂಟ, ನಿನ್ನ ಆಕಾಶ ಎಲ್ಲ ನನ್ನ ಒಂದು ಪೆನ್ಸಿಲ್ ಗೀಟಿಗೆ ಹೋಯಿತು. ಒಂದು ದಿನ ಹೀಗೆನ್ನಿಸುತ್ತದೆ, ಮಾರನೆಯ ದಿನ ಹಾಗೆ. ಹೊಲಿಗೆಗೆ ಬಂದ ಮದುವೆಯ ಗೌನಿಗೆ ಎರಡೂ ತೋಳು ಎಡಗೈಯದೇ ಕತ್ತರಿಸಿಬಿಟ್ಟೆ. ನನಗೆ ಏನೂ ತಿಳಿಯುತ್ತಿಲ್ಲ.

ಮೇಷ್ಟ್ರಿಗೆ ಏನು ಬರೆಯಲಿ ಎಂದು ಇವತ್ತು ಬೆಳಿಗ್ಗೆಯಿಂದ ಹಾಳೆಯ ಮುಂದೆ ಕೂತಿದ್ದೆ. ಐವತ್ತೊಂದು ಎಂದು ಬರೆದರೆ ಕಾಣದ್ದನ್ನು ಕಂಡೆ ಎಂದಂತೆ. ಐವತ್ತು ಎಂದರೂ ಅದೇ. ‘ನನಗೆ ಗೊತ್ತಿಲ್ಲ’ ಎಂದು ಬರೆದು, ಇದೇನು ಉತ್ತರ ಎಂದು ಹೊಡೆದುಹಾಕಲು ಹೋದೆ. ಆಗ ಒಂಬತ್ತನೆಯ ಸುತ್ತಿನ ಮೇಲೆ ಕಣ್ಣು ಬಿತ್ತು. ಹೊಗೆಯಲ್ಲಿ ಅಜ್ಜ ಇಟ್ಟ ಚುಕ್ಕೆ. ಒದಿಲ್, ಅಜ್ಜ ಬಾಯಿಪಾಠ ಮಾಡಿಸಿದ್ದು ಇದನ್ನೇ ಅಲ್ಲವೇ? ನೋಡಲಿಲ್ಲವಾದರೆ ಚುಕ್ಕೆ. ಚುಕ್ಕೆ ಬಿದ್ದ ಸುತ್ತು ಹಾರಿದವರದು.

ನಾನು ನಿನ್ನ ವಿಮಾನವನ್ನು ನೋಡಲಿಲ್ಲ. ಕಣ್ಣಿಗೆ ಸೂರ್ಯ ಬಡಿದಿತ್ತು. ಸಿಟ್ಟು, ಹೊಟ್ಟೆಕಿಚ್ಚು, ನೆರಳು ಯಾವುದು ಎಷ್ಟಿತ್ತೋ ಸಾಯುವವರೆಗೂ ನನಗೆ ತಿಳಿಯದು, ಆದರೆ ಇದೊಂದು ತಿಳಿದಿದೆ. ಅವತ್ತು ನಾನು ಇವತ್ತಿನಷ್ಟು ಗೊಂದಲದಲ್ಲಿದ್ದಿದ್ದರೆ ಸಾಕಿತ್ತು, ನೀನು ಗೆದ್ದಿರುತ್ತಿದ್ದೆ. ನಾನು ಗೊತ್ತು ಎಂದೆ. ನನ್ನ ತಪ್ಪು ಅದು.

ಕತ್ತರಿ ಗುರುತನ್ನು ಅಳಿಸಿಲ್ಲ, ಅಳಿಸುವ ಹಕ್ಕು ನನಗಿಲ್ಲ. ಅದರ ಪಕ್ಕ ಒಂದು ಚುಕ್ಕೆಯಿಟ್ಟು, ಇವತ್ತಿನ ತಾರೀಖು ಹಾಕಿ, ‘ಎರಡನೇ ಕಾವಲಿನವಳು ವಿಮಾನವನ್ನು ನೋಡಲಿಲ್ಲ, ಮೊದಲನೆಯವರು ಸ್ಥಳದಲ್ಲಿರಲಿಲ್ಲ’ ಎಂದು ಬರೆದು ಸಹಿ ಮಾಡಿದ್ದೇನೆ. ಫುಲ್ಬೇರ್ ಅಜ್ಜ ಸತ್ತು ಹದಿನೆಂಟು ವರ್ಷವಾಯಿತು, ಬೇಲಿಯ ವಿಷಯಕ್ಕೆ ನನ್ನನ್ನು ಕ್ಷಮಿಸುತ್ತಾನೆ ಎಂದುಕೊಂಡಿದ್ದೇನೆ. ಹಾಳೆಯನ್ನು ಮೇಷ್ಟ್ರಿಗೆ ಕೊಡುತ್ತಿಲ್ಲ, ಈ ಪತ್ರದ ಜೊತೆ ನಿನಗೇ ಕಳಿಸುತ್ತಿದ್ದೇನೆ. ಲಾಂದ್ರಿ ಮೇಷ್ಟ್ರ ವಿಳಾಸ ಹಿಂಬದಿಯಲ್ಲಿದೆ. ಕಳಿಸಬೇಕೆನ್ನಿಸಿದರೆ ಕಳಿಸು, ಒಲೆಗೆ ಹಾಕಬೇಕೆನ್ನಿಸಿದರೆ ಹಾಕು. ಆ ಸುತ್ತು ನಿನ್ನದು.

ಕ್ಷಮಿಸು ಎಂದು ಕೇಳಲೋ ಬೇಡವೋ ಅದೂ ಗೊತ್ತಾಗುತ್ತಿಲ್ಲ. ಕೇಳಿಬಿಡುತ್ತೇನೆ. ಕ್ಷಮಿಸು.

ಚಳಿಗಾಲ ಬರುತ್ತಿದೆ, ನಿನ್ನ ಸೊಂಟಕ್ಕೆ ನೋವು ಕಡಿಮೆಯಿರಲಿ, ಅಂಗಡಿಗೆ ಗಿರಾಕಿ ತುಂಬಿರಲಿ. ಇಪ್ಪತ್ತಮೂರು ವರ್ಷದ ಹಿಂದೆ ಬಗ್ಗಿ ಬೂಟಿನ ದಾರ ಹುಡುಕಿದವಳು ಈಗ ತಲೆಯೆತ್ತಿ ಹೇಳುತ್ತಿದ್ದೇನೆ.

ಇಳಿದ ಮೇಲೆ ಮಾತಾಡೋಣ, ಒದಿಲ್.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ಜೇಲಿ